ಸವೆದ ಲೇತು ಮತ್ತು ನೇರದ ಪ್ರಶ್ನೆ



ನೇರ ಎಂದರೆ ಯಾವುದು? ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಮನುಷ್ಯರ ನಡತೆಯ ವಿಷಯದಲ್ಲಿ ಎತ್ತುತ್ತೇವೆ. ಅವನು ನೇರ ಮನುಷ್ಯ, ಇವನದು ಸೊಟ್ಟ ಬುದ್ಧಿ ಅಂತೀವಿ. ಆದರೆ ನೇರವೋ ಸೊಟ್ಟವೋ ಎಂದು ತೀರ್ಮಾನಿಸುವ ಅಳತೆಗೋಲು ಯಾರ ಕೈಯಲ್ಲಿದೆ, ಅದನ್ನು ಅವರ ಕೈಗೆ ಕೊಟ್ಟವರು ಯಾರು, ಆ ಅಳತೆಗೋಲೇ ಸೊಟ್ಟಗಿದ್ದರೆ ಅದನ್ನು ತೋರಿಸಿಕೊಡುವವರು ಯಾರು ಎಂದು ಕೇಳುವುದು ಕಡಿಮೆ. ಶಾಸ್ತ್ರ ಓದಿದವರು ಇದಕ್ಕೆ ಶಾಸ್ತ್ರದಲ್ಲೇ ಉತ್ತರ ಹುಡುಕಿದರು. ಸಿಕ್ಕ ಉತ್ತರ ಅವರಿಗೇ ಅನುಕೂಲವಾಗಿತ್ತು. ಇಲ್ಲಿ ಅದನ್ನು ಒಂದು ಕಬ್ಬಿಣದ ಮಿಷನ್ನಿನಲ್ಲಿ ಹುಡುಕೋಣ. ಸವೆದುಹೋದ ಲೇತನ್ನು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿಟ್ಟುಕೊಂಡು ಮತ್ತೆ ನೇರ ಮಾಡುವ ಕೆಲಸಗಾರನಿಗೆ ಈ ಪ್ರಶ್ನೆ ದಿನವೂ ಎದುರಾಗುತ್ತದೆ. ಅಲ್ಲಿ ಮಾತಿನ ಚಮತ್ಕಾರ ನಡೆಯುವುದಿಲ್ಲ. ಉತ್ತರ ಹುಸಿಯಾದರೆ ಸಂಜೆ ಹೊತ್ತಿಗೆ ಜಾಬು ಸೊಟ್ಟ ಬಂದಿರುತ್ತದೆ.

ಲೇತು ನೋಡದವರಿಗೆ ಎರಡು ಮಾತು. ಕುಂಬಾರನ ತಿಗರಿಯಲ್ಲಿ ಮಣ್ಣು ತಿರುಗುತ್ತದೆ, ಕೈ ನಿಂತಿರುತ್ತದೆ. ಲೇತಿನಲ್ಲಿ ಕಬ್ಬಿಣ ತಿರುಗುತ್ತದೆ, ಅದನ್ನು ಕೊರೆಯುವ ಟೂಲು ನಿಂತಿರುತ್ತದೆ. ಎಡಗಡೆ ಹೆಡ್‌ಸ್ಟಾಕು. ಅದರ ಮೂತಿಗೆ ಚಕ್ಕು. ಚಕ್ಕು ಕಬ್ಬಿಣವನ್ನು ದವಡೆಯಲ್ಲಿ ಕಚ್ಚಿ ಹಿಡಿದು ತಿರುಗಿಸುತ್ತದೆ. ಬಲತುದಿಯಲ್ಲಿ ಆಸರೆಗೆ ಟೇಲ್‌ಸ್ಟಾಕು. ಇವೆರಡನ್ನೂ ಹೊತ್ತಿರುವುದು ಬೀಡು ಕಬ್ಬಿಣದ ಬೆಡ್ಡು. ಬೆಡ್ಡಿನ ಮೇಲೆ ರೈಲು ಕಂಬಿಯಂತೆ ಉದ್ದಕ್ಕೆ ದಾರಿಗಳಿವೆ. ಆ ದಾರಿಯ ಮೇಲೆ ಕ್ಯಾರೇಜು ಟೂಲನ್ನು ಹೊತ್ತು ಅತ್ತಿತ್ತ ಹೋಗುತ್ತದೆ. ದಾರಿ ನೇರವಿದ್ದರೆ ಜಾಬು ನೇರ, ದಾರಿ ತಗ್ಗಾಗಿದ್ದರೆ ಜಾಬೂ ತಪ್ಪು. ಬೋರ್‌ವೆಲ್ ಪಂಪಿನ ಶಾಫ್ಟು, ಕಬ್ಬಿನ ಗಾಣದ ಬುಷ್ಷು, ಟ್ರ್ಯಾಕ್ಟರಿನ ಪಿನ್ನು ಎಲ್ಲ ಇದರ ಹೊಟ್ಟೆಯಿಂದಲೇ ಬರಬೇಕು. ಇನ್ನೊಂದು ಲೇತಿನ ಭಾಗಗಳೂ ಇದರಿಂದಲೇ ಬರಬೇಕು. ಅದಕ್ಕೇ ಇಂಥವನ್ನು ತಾಯಿಯಂತ್ರ ಎನ್ನುತ್ತಾರೆ.

ನಮ್ಮ ಸೀಮೆಗೆ ಈ ತಾಯಿ ಹೊಸಬಳಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು. ಹೊಲ ಬಿಟ್ಟು ಬಂದವರ ಮಕ್ಕಳು ಅಲ್ಲಿ ಟರ್ನರು, ಫಿಟ್ಟರು, ಮೋಲ್ಡರು ಆದರು. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಹೋದರೂ ಅಲ್ಲಿ ಎರಕವಾದ ಲೇತುಗಳು ಹೋಗಲಿಲ್ಲ. ಅವು ಕೈಯಿಂದ ಕೈಗೆ ದಾಟಿ ಸಣ್ಣ ಊರುಗಳ ವರ್ಕ್‌ಶಾಪಿಗೆ, ಅಲ್ಲಿಂದ ಮನೆಗಳ ಹಿತ್ತಿಲಿಗೆ ಬಂದು ನಿಂತಿವೆ. ಕೆಲಸ ಕಳೆದುಕೊಂಡ ಟರ್ನರು, ಐಟಿಐ ಮುಗಿಸಿ ಕೆಲಸ ಸಿಗದ ಹುಡುಗ ಇಂಥದೊಂದನ್ನು ಸಾಲಸೋಲ ಮಾಡಿ ಕೊಳ್ಳುತ್ತಾರೆ. ಹೊಸದಕ್ಕೆ ಲಕ್ಷಗಟ್ಟಲೆ ಬೇಕು. ಹಳೆಯದು ಗುಜರಿ ಲೆಕ್ಕದಲ್ಲಿ, ಕಿಲೋಗೆ ಇಷ್ಟು ಅಂತ ಸಿಗುತ್ತದೆ.

ಈ ಗುಜರಿ ಲೆಕ್ಕವನ್ನೇ ಮೊದಲು ನೋಡಿ. ಚಕ್ಕಿನ ಹತ್ತಿರ ಅರ್ಧ ಮೀಟರು ಉದ್ದ, 10 ಸೆಂಟಿಮೀಟರು ಅಗಲದ ಜಾಗ 0.2 ಮಿಲಿಮೀಟರು ಸವೆದಿದೆ ಎಂದಿಟ್ಟುಕೊಳ್ಳಿ. ಲೇತಿಗೆ ಇದು ಸಣ್ಣ ರೋಗವಲ್ಲ. ಆದರೆ ಹೋದ ಕಬ್ಬಿಣ ಎಷ್ಟು? ಸುಮಾರು 70 ಗ್ರಾಮು. ಒಂದು ಹಿಡಿ. ಸಾವಿರ ಕಿಲೋ ತೂಗುವ ಮಿಷನ್ನು 70 ಗ್ರಾಮು ಕಳೆದುಕೊಂಡದ್ದಕ್ಕೆ ಗುಜರಿಯಾಯಿತು. ತಕ್ಕಡಿಗೆ ಈ ನಷ್ಟ ಕಾಣುವುದೇ ಇಲ್ಲ. ಉಳಿದ ಕಬ್ಬಿಣದೊಳಗಿರುವ ಕಸುವೂ ಅದಕ್ಕೆ ಕಾಣುವುದಿಲ್ಲ. ತಕ್ಕಡಿ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅದಕ್ಕೆ ಗೊತ್ತಿರುವ ಪ್ರಶ್ನೆ ಒಂದೇ. ಆ ಒಂದೇ ಪ್ರಶ್ನೆಯಿಂದ ಎಲ್ಲವನ್ನೂ ಅಳೆದು ಬೆಲೆ ಕಟ್ಟಿಬಿಡುತ್ತಾರಲ್ಲ, ಮೋಸ ಅಲ್ಲಿದೆ. ವಯಸ್ಸಾದ ಟರ್ನರನ್ನು ಕೆಲಸದಿಂದ ಬಿಡಿಸುವಾಗಲೂ ಇದೇ ತಕ್ಕಡಿ. ಎಷ್ಟು ಹೊತ್ತು ನಿಲ್ಲಬಲ್ಲೆ, ಎಷ್ಟು ಪೀಸು ತೆಗೆಯಬಲ್ಲೆ ಅಂತ ಕೇಳಿದರು. ಏನು ಬಲ್ಲೆ ಅಂತ ಕೇಳಲಿಲ್ಲ.

1

ಲೇತು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಹೆಚ್ಚಿನ ಜಾಬುಗಳು ಗಿಡ್ಡ. ಆದ್ದರಿಂದ ಕ್ಯಾರೇಜು ತನ್ನ ಆಯುಸ್ಸಿನ ಬಹುಪಾಲನ್ನು ಚಕ್ಕಿನ ಹತ್ತಿರವೇ ಕಳೆಯುತ್ತದೆ. ಬೆಡ್ಡು ಅಲ್ಲೇ ಹೆಚ್ಚು ತಗ್ಗಾಗುತ್ತದೆ. ಟೇಲ್‌ಸ್ಟಾಕಿನ ಕಡೆಯ ತುದಿಗೆ ಕ್ಯಾರೇಜು ಹೋಗುವುದೇ ಅಪರೂಪ. ಮೂವತ್ತು ನಲವತ್ತು ವರ್ಷ ದುಡಿದ ಲೇತಿನಲ್ಲೂ ಆ ತುದಿ ಕಾರ್ಖಾನೆಯಿಂದ ಬಂದ ದಿನದ ಹಾಗೆ ಇರುವುದುಂಟು.

ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಆ ತುದಿ ಒಳ್ಳೆಯ ಕಬ್ಬಿಣ, ಈ ತುದಿ ಕೆಟ್ಟ ಕಬ್ಬಿಣ ಎಂದಲ್ಲ. ಎರಡೂ ಒಂದೇ ಅಚ್ಚಿನಲ್ಲಿ, ಒಂದೇ ಎರಕದಲ್ಲಿ ಆದವು. ಆ ತುದಿ ನೇರವಾಗಿ ಉಳಿದದ್ದು ಅಲ್ಲಿ ಕೆಲಸ ನಡೆಯದ್ದರಿಂದ. ಈ ತುದಿ ತಗ್ಗಾದದ್ದು ಇಡೀ ಮಿಷನ್ನಿನ ಕೆಲಸ ಇದರ ಮೇಲೆ ಬಿದ್ದದ್ದರಿಂದ. ಸವೆತ ಎಂದರೆ ದುಡಿಮೆಯ ದಾಖಲೆ. ಯಾರು ಎಲ್ಲಿ ಎಷ್ಟು ದುಡಿದರು ಎಂಬುದಕ್ಕೆ ಹಾಜರಿ ಪುಸ್ತಕಕ್ಕಿಂತ ಬೆಡ್ಡನ್ನು ನಂಬಬಹುದು.

ಯೋಗ್ಯತೆಯ ಮಾತಾಡುವವರು ಈ ಬೆಡ್ಡಿನ ಮುಂದೆ ಒಂದು ಗಳಿಗೆ ನಿಲ್ಲಬೇಕು. ತಲೆಮಾರಿನಿಂದ ಭಾರ ಹೊತ್ತವರ ಬೆನ್ನು ಬಾಗಿದೆ, ಭಾರ ಹೊರದವರ ಬೆನ್ನು ನೆಟ್ಟಗಿದೆ. ನೆಟ್ಟಗಿರುವ ಬೆನ್ನನ್ನು ತೋರಿಸಿ ಇದು ನಮ್ಮ ಹುಟ್ಟುಗುಣ ಎನ್ನುತ್ತಾರೆ. ಬೆಡ್ಡಿನ ಬಲತುದಿಗೆ ಬಾಯಿ ಇದ್ದಿದ್ದರೆ ಅದೂ ಹಾಗೇ ಅನ್ನುತ್ತಿತ್ತೋ ಏನೋ.

ಇನ್ನೂ ಒಂದು ಮಾತಿದೆ. ಸವೆತವೆಲ್ಲ ದುಡಿಮೆಯಿಂದಲೇ ಆದದ್ದಲ್ಲ. ಎಣ್ಣೆ ಬಿಟ್ಟು, ದಾರಿ ಒರೆಸಿ ದುಡಿಸಿದ ಲೇತು ನಿಧಾನವಾಗಿ ಸವೆಯುತ್ತದೆ. ಎಮೆರಿ ಕಾಗದದಿಂದ ಜಾಬು ಉಜ್ಜಿ, ಅದರ ಪುಡಿಯನ್ನು ದಾರಿಯ ಮೇಲೇ ಬಿಟ್ಟರೆ ಎಣ್ಣೆಯೇ ಅರೆಯುವ ಸಾಣೆಯಾಗುತ್ತದೆ. ಬೀಡು ಕಬ್ಬಿಣದ ಒಣ ಪುಡಿಯೂ ಹಾಗೆಯೇ. ಕ್ಯಾರೇಜಿನ ಮುಂದೆ ಪುಡಿ ಒರೆಸಿಕೊಂಡು ಹೋಗುವ ಒಂದು ತುಂಡು ಫೆಲ್ಟ್ ಬಟ್ಟೆಗೆ ಏನು ಮಹಾ ಖರ್ಚು? ಅದನ್ನೂ ಹಾಕದೆ ದುಡಿಸಿದ ಮಾಲೀಕರಿದ್ದಾರೆ. ದುಡಿದದ್ದರಿಂದ ಆದ ಸವೆತ ಬೇರೆ, ದುಡಿಸಿಕೊಂಡು ಎಣ್ಣೆ ಬಿಡದೆ ಹೋದದ್ದರಿಂದ ಆದ ಸವೆತ ಬೇರೆ. ಮೊದಲನೆಯದಕ್ಕೆ ಗೌರವ ಸಲ್ಲಬೇಕು. ಎರಡನೆಯದಕ್ಕೆ ಲೆಕ್ಕ ಕೇಳಬೇಕು. ಇವೆರಡನ್ನೂ ಕಲಸಿ, ಅಯ್ಯೋ ಕಾಲಧರ್ಮ ಎನ್ನುವವನು ತಪ್ಪಿಸಿಕೊಳ್ಳಲು ದಾರಿ ನೋಡುತ್ತಿದ್ದಾನೆ.

ಸವೆದ ಲೇತನ್ನು ಅಡ್ಡಾದಿಡ್ಡಿ ರಿಪೇರಿ ಮಾಡುವವರು ಮೊದಲು ಕೈಹಾಕುವುದು ಗಿಬ್ಬಿಗೆ. ಗಿಬ್ಬು ಎಂದರೆ ಜಾರುವ ಭಾಗಗಳ ಸಡಿಲು ತೆಗೆಯಲು ತೂರಿಸಿರುವ ಪಟ್ಟಿ. ಚಕ್ಕಿನ ಹತ್ತಿರ ಕ್ಯಾರೇಜು ಅಲ್ಲಾಡುತ್ತದೆ ಎಂದು ಅಲ್ಲಿಗೆ ಹೊಂದುವಂತೆ ಗಿಬ್ಬನ್ನು ಬಿಗಿ ಮಾಡುತ್ತಾರೆ. ಅಲ್ಲಾಟ ನಿಲ್ಲುತ್ತದೆ. ಆಮೇಲೆ ಕ್ಯಾರೇಜನ್ನು ಬಲಕ್ಕೆ ಓಡಿಸಿದರೆ ಸವೆಯದ ಜಾಗದಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ಸಡಿಲು ಮಾಡಿದರೆ ಇಲ್ಲಿ ಅಲ್ಲಾಟ, ಬಿಗಿ ಮಾಡಿದರೆ ಅಲ್ಲಿ ಕಚ್ಚಾಟ. ತಗ್ಗು ತಗ್ಗಾಗಿಯೇ ಇರುವ ತನಕ ಗಿಬ್ಬು ತಿರುಗಿಸಿ ಪ್ರಯೋಜನವಿಲ್ಲ. ವ್ಯವಸ್ಥೆ ಹಾಗೇ ಇರಲಿ, ಸ್ವಲ್ಪ ಹೊಂದಿಸಿಕೊಂಡು ಹೋಗೋಣ ಎನ್ನುವ ಸುಧಾರಕರೂ ಇದನ್ನೇ ಮಾಡುತ್ತಾ ಬಂದಿದ್ದಾರೆ.

2

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಬಲ್ಲ ಮೇಸ್ತ್ರಿ ಬೆಡ್ಡಿಗೆ ಕೈಯನ್ನೇ ಹಚ್ಚುವುದಿಲ್ಲ. ಮೊದಲು ನೆಲ ನೋಡುತ್ತಾನೆ.

"ಮಿಷನ್ನು ಸೊಟ್ಟ ಐತೆ ಅಂತ ಯಾವನೋ ಹೇಳಿದಾ ಅಂತ ಸ್ಕ್ರೇಪರ್ ಎತ್ಕೋಬ್ಯಾಡಪ್ಪಾ. ಅದನ್ನ ಎಂಥಾ ನೆಲದ ಮ್ಯಾಲೆ ನಿಲ್ಸಿದಾರೆ ನೋಡು" ಎನ್ನುತ್ತಾನೆ.

ಇದು ಬರೀ ಲೋಕಾನುಭವದ ಮಾತಲ್ಲ, ಯಂತ್ರಶಾಸ್ತ್ರ. ಬೀಡು ಕಬ್ಬಿಣ ಕಲ್ಲಿನಂತೆ ಕಾಣುತ್ತದೆ, ಆದರೆ ಅದೂ ಬಾಗುತ್ತದೆ, ತಿರುಚಿಕೊಳ್ಳುತ್ತದೆ. ನಾಲ್ಕು ಕಾಲುಗಳಲ್ಲಿ ಒಂದರ ಕೆಳಗೆ ನೆಲ ತಗ್ಗಾಗಿದ್ದರೆ ಇಡೀ ಬೆಡ್ಡು ಸಣ್ಣಗೆ ತಿರುಚಿಕೊಂಡು ನಿಲ್ಲುತ್ತದೆ. ಆಗ ಜಾಬು ಒಂದು ತುದಿ ದಪ್ಪ, ಒಂದು ತುದಿ ಸಣ್ಣ ಬರುತ್ತದೆ. ಗಾರೆಯವರ ರಸಮಟ್ಟ ಇದಕ್ಕೆ ಸಾಲದು. ಒಂದು ಮೀಟರಿಗೆ 0.02 ಮಿಲಿಮೀಟರು ಏರಿದರೂ ತೋರಿಸುವ ರಸಮಟ್ಟ ಬೇಕು. ಅದನ್ನು ದಾರಿಗಳ ಮೇಲೆ ಅಡ್ಡಕ್ಕೆ ಇಟ್ಟು ಈ ತುದಿಯಲ್ಲೊಮ್ಮೆ, ಆ ತುದಿಯಲ್ಲೊಮ್ಮೆ ನೋಡಬೇಕು. ಗುಳ್ಳೆ ಎರಡೂ ಕಡೆ ಒಂದೇ ಜಾಗದಲ್ಲಿ ನಿಲ್ಲುವವರೆಗೆ ಕಾಲಿನ ಕೆಳಗೆ ತಗಡು ಕೊಡಬೇಕು. ಗುಜರಿಗೆ ಹೊರಟ ಕೆಲವು ಲೇತುಗಳು ಇಷ್ಟಕ್ಕೇ ಅರ್ಧ ಸರಿಹೋಗುತ್ತವೆ. ನಿಲ್ಲಿಸಿದ ನೆಲ ಸೊಟ್ಟ, ಬೈಸಿಕೊಂಡದ್ದು ನಿಂತದ್ದು. ಪಾಠ ಒಪ್ಪಿಸದ ಹುಡುಗನಿಗೆ ದಡ್ಡ ಎನ್ನುವ ಮುನ್ನ ಅವನು ಬೆಳಿಗ್ಗೆ ಏನು ಉಂಡು ಬಂದ, ಎಲ್ಲಿ ಕೂತು ಓದಿದ ಅಂತ ಕೇಳುವ ಮೇಷ್ಟ್ರು ಈ ಕೆಲಸವನ್ನು ಬಲ್ಲರು.

ನೆಲ ಸರಿಯಾದ ಮೇಲೆ ಮಿಷನ್ನನ್ನೇ ಸಾಕ್ಷಿ ಕೇಳಬೇಕು. ಚಕ್ಕಿನಲ್ಲಿ ಒಂದು ದಪ್ಪ ಸರಳು ಹಿಡಿಯಬೇಕು. ಟೇಲ್‌ಸ್ಟಾಕಿನ ಆಸರೆ ಕೊಡಬಾರದು. ಸರಳಿನ ಈ ತುದಿಗೊಂದು ಆ ತುದಿಗೊಂದು ಬಳೆಯಂಥ ಅಂಚು ಬಿಟ್ಟು, ಟೂಲಿನ ಸೆಟ್ಟಿಂಗ್ ಬದಲಿಸದೆ ಎರಡನ್ನೂ ಒಂದೇ ಓಟದಲ್ಲಿ ಹಗುರಾಗಿ ಕೊರೆಯಬೇಕು. ಮೈಕ್ರೋಮೀಟರು ಹಿಡಿದು ಎರಡರ ದಪ್ಪ ನೋಡಿದರೆ ಲೇತು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಇಲ್ಲಿ ಮಾಲೀಕ ಏನಂದ, ಮಾರಿದವನು ಏನಂದ, ಮಿಷನ್ನಿನ ಮೇಲೆ ಯಾವ ಕಂಪನಿಯ ಹೆಸರಿದೆ ಎಂಬುದಕ್ಕೆಲ್ಲ ಬೆಲೆಯಿಲ್ಲ. ಮಾಡಿದ ಕೆಲಸ ನೋಡಿ ಮಾತಾಡಬೇಕು.

ಎಷ್ಟು ನೇರ ಬೇಕು ಎಂಬ ಪ್ರಶ್ನೆಯೂ ಇಲ್ಲೇ ಏಳುತ್ತದೆ. ಪರಿಪೂರ್ಣ ನೇರ ಎಂಬುದು ಎಲ್ಲಿಯೂ ಇಲ್ಲ. ಪಾಯಖಾನೆಯ ಬಾಗಿಲಿನ ಕೀಲಿಗೆ ಬೇಕಾದ ನೇರ ಬೇರೆ, ಪಂಪಿನ ಶಾಫ್ಟಿಗೆ ಬೇಕಾದ ನೇರ ಬೇರೆ. ಎಷ್ಟು ಎಂಬುದನ್ನು ಕೆಲಸ ತೀರ್ಮಾನಿಸುತ್ತದೆ. ಪರಿಪೂರ್ಣವಾದದ್ದು ಮೇಲೆಲ್ಲೋ ಇದೆ, ಅದು ನಮ್ಮ ಕೆಲವರಿಗೆ ಮಾತ್ರ ಕಾಣುತ್ತದೆ ಎಂದು ಹೇಳಿಕೊಂಡು ಬದುಕಿದವರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಲೇತಿನ ಮುಂದೆ ನಿಂತವನಿಗೆ ಅಂಥ ದಲ್ಲಾಳಿ ಬೇಕಿಲ್ಲ.

3

ಈಗ ಬೆಡ್ಡಿನ ಕೆಲಸ. ಅದು ಶಾಖ ಕೊಟ್ಟು ಗಟ್ಟಿ ಮಾಡಿದ ಬೆಡ್ಡಾಗಿದ್ದರೆ ಕೈಕೆಲಸಕ್ಕೆ ಬಗ್ಗುವುದಿಲ್ಲ, ಗ್ರೈಂಡಿಂಗಿಗೆ ಕಳಿಸಬೇಕು. ಹಾಗಲ್ಲದಿದ್ದರೆ ಸ್ಕ್ರೇಪರು ಸಾಕು. ಹಳೆಯ ಅರದ ಮೂತಿಯನ್ನು ಸಾಣೆ ಹಿಡಿದು ಮಾಡಿಕೊಂಡ ಸ್ಕ್ರೇಪರೂ ಆದೀತು. ಜೊತೆಗೆ ನಂಬುವಂಥ ಒಂದು ಸ್ಟ್ರೇಟ್ ಎಡ್ಜು ಬೇಕು, ಮತ್ತೆ ನೀಲಿ ಬೇಕು. ಪ್ರಷ್ಯನ್ ಬ್ಲೂ ಎನ್ನುವ ಗಾಢ ನೀಲಿ.

ಸ್ಟ್ರೇಟ್ ಎಡ್ಜಿನ ಮುಖಕ್ಕೆ ನೀಲಿಯನ್ನು ತೆಳ್ಳಗೆ ಸವರಬೇಕು. ಬೆಡ್ಡಿನ ಮೇಲಿಟ್ಟು ಒಂದೆರಡು ಸಲ ಮೆಲ್ಲಗೆ ಜರುಗಿಸಿ ಎತ್ತಬೇಕು. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತಿರುತ್ತದೆ, ತಗ್ಗಿಗೆ ಹತ್ತುವುದಿಲ್ಲ. ನೀಲಿ ಹತ್ತಿದ್ದನ್ನು ಮಾತ್ರ ಹೆರೆಯಬೇಕು. ಒಂದು ಸಲಕ್ಕೆ ಹೋಗುವುದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಒರೆಸಿ ಮತ್ತೆ ನೀಲಿ, ಮತ್ತೆ ಹೆರೆತ. ಮೊದಲು ಎರಡು ಮೂರು ಕಡೆ ದೊಡ್ಡ ಮಚ್ಚೆಗಳು ಕಾಣುತ್ತವೆ. ಆಮೇಲೆ ಅವು ಒಡೆದು ಹತ್ತಾಗುತ್ತವೆ, ಹತ್ತು ನೂರಾಗುತ್ತವೆ. ಒಂದಂಗುಲ ಚೌಕದಲ್ಲಿ ಹತ್ತಿಪ್ಪತ್ತು ಚುಕ್ಕೆ ಸಮನಾಗಿ ಹರಡಿ ಬಂದಾಗ ಕೆಲಸ ಮುಗಿಯಿತು.

"ಅಣ್ಣಾ, ಇನ್ನಾ ಎಷ್ಟು ಸಲ ಹೆರೀಬೇಕು?" ಎಂದು ಹುಡುಗ ಕೇಳುತ್ತಾನೆ.

"ಅದಕ್ಕೆ ಲೆಕ್ಕ ಐತೇನೋ ತಮ್ಮಾ? ನೀಲಿ ಸಾಕು ಅನ್ನಾ ತನಕ."

ಇಲ್ಲಿ ನಮ್ಮನ್ನು ಕಾಡಬೇಕಾದ ಒಂದು ಪ್ರಶ್ನೆಯಿದೆ. ಹೆರೆಯುವುದರಿಂದ ಕಬ್ಬಿಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ತಗ್ಗನ್ನು ಎತ್ತಲು ಸ್ಕ್ರೇಪರಿಗೆ ಆಗದು. ಎತ್ತರದ್ದನ್ನು ತಗ್ಗಿನ ಮಟ್ಟಕ್ಕೆ ಇಳಿಸಬಹುದು, ಅಷ್ಟೆ. "ನೋಡಿದಿರಾ, ನಿಮ್ಮ ಸಮಾನತೆ ಎಂದರೆ ಇದೇ. ಎತ್ತರದಲ್ಲಿದ್ದವರನ್ನು ಕೆಡವಿ ಎಲ್ಲರನ್ನೂ ಕೆಳಕ್ಕೆ ತರುವುದು" ಎಂದು ವಿರೋಧಿಗಳು ಆಡಿಕೊಳ್ಳುವುದುಂಟು. ಇದಕ್ಕೆ ಘೋಷಣೆಯಿಂದ ಉತ್ತರ ಕೊಟ್ಟರೆ ಸಾಲದು.

ಕೆಲಸ ನಡೆಯುವ ರೀತಿಯಲ್ಲೇ ಉತ್ತರವಿದೆ. ಬೆಡ್ಡನ್ನು ಹೆರೆದು ಬಿಟ್ಟರೆ ಅರ್ಧ ಕೆಲಸ. ಬೆಡ್ಡು ಇಳಿದಷ್ಟೂ ಅದರ ಮೇಲೆ ಕೂತ ಸ್ಯಾಡಲ್ಲು ಇಳಿಯುತ್ತದೆ. ಸ್ಯಾಡಲ್ಲೂ ಸವೆದಿರುವುದರಿಂದ ಇನ್ನಷ್ಟು ಇಳಿದಿರುತ್ತದೆ. ಆಗ ಅದಕ್ಕೆ ನೇತುಬಿದ್ದ ಏಪ್ರನ್ನು ಕೆಳಗೆ ಜಗ್ಗಿ, ಲೀಡ್ ಸ್ಕ್ರೂವನ್ನು ಬಾಗಿಸುತ್ತದೆ. ಆದ್ದರಿಂದ ಸ್ಯಾಡಲ್ಲಿನ ತಳವನ್ನು ಬೇಕಾದಷ್ಟು ತೆಗೆದು ಅಲ್ಲಿ ಟರ್ಕೈಟ್ ಎಂಬ ಜಾರುವ ಹಾಳೆ ಅಂಟಿಸುತ್ತಾರೆ. ಅದನ್ನೂ ನೀಲಿ ಹಚ್ಚಿ ಹೆರೆದು ಸ್ಯಾಡಲ್ಲನ್ನು ಮೊದಲಿನ ಎತ್ತರಕ್ಕೆ ತರುತ್ತಾರೆ. ಅಂದರೆ ಉಬ್ಬಿದ್ದನ್ನು ತೆಗೆಯುವುದೂ ಬೇಕು, ಇಳಿದುಹೋದದ್ದಕ್ಕೆ ಅಡಿಯಿಂದ ಕೊಟ್ಟು ಎತ್ತುವುದೂ ಬೇಕು. ತೆಗೆಯುವುದನ್ನು ಮಾತ್ರ ಬಲ್ಲವನು ಮಿಷನ್ನನ್ನು ಕುಗ್ಗಿಸುತ್ತಾನೆ. ಉಬ್ಬನ್ನು ಮುಟ್ಟದೆ ತಗ್ಗಿಗೆ ತೇಪೆ ಹಾಕುವವನು ಸೊಟ್ಟಕ್ಕೆ ಸೊಟ್ಟ ಸೇರಿಸುತ್ತಾನೆ.

ಇನ್ನೊಂದು. ಹೆರೆದು ಮುಗಿಸಿದ ಮುಖ ಕನ್ನಡಿಯಲ್ಲ. ಬೆಳಕಿಗೆ ಹಿಡಿದರೆ ಅದರ ತುಂಬ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ. ಅವು ತಪ್ಪಲ್ಲ, ಬೇಕಾದವು. ಆ ಕುಳಿಗಳಲ್ಲಿ ಎಣ್ಣೆ ನಿಲ್ಲುತ್ತದೆ. ಕುಳಿಯೇ ಇಲ್ಲದ ಎರಡು ನುಣುಪು ಮುಖಗಳನ್ನು ಒತ್ತಿ ಜೋಡಿಸಿದರೆ ಅವು ಒಂದಕ್ಕೊಂದು ಹತ್ತಿಕೊಂಡು ಜಾರುವುದೇ ಇಲ್ಲ. ಸಮ ಎಂದರೆ ಎಲ್ಲವೂ ಒಂದೇ ಥರ ಎಂದಲ್ಲ. ಭಾರ ಹೊರುವ ಚುಕ್ಕೆಗಳು ಒಂದೇ ಮಟ್ಟದಲ್ಲಿರಬೇಕು, ಎರಡು ಮೂರೇ ಚುಕ್ಕೆಗಳು ಇಡೀ ಭಾರ ಹೊರುವಂತಾಗಬಾರದು. ಅವುಗಳ ನಡುವೆ ಎಣ್ಣೆಗೆ ಜಾಗ ಇರಬೇಕು.

4

ಇಷ್ಟು ಹೊತ್ತು ನಾನು ಒಂದು ಪ್ರಶ್ನೆಯನ್ನು ಹಿಂದಕ್ಕೆ ಸರಿಸಿದ್ದೆ. ಸ್ಟ್ರೇಟ್ ಎಡ್ಜನ್ನು ನಂಬಿ ಬೆಡ್ಡು ಹೆರೆದೆವು. ಆ ಸ್ಟ್ರೇಟ್ ಎಡ್ಜು ನೇರ ಅಂತ ಹೇಳಿದವರು ಯಾರು? ಅದನ್ನು ಅದಕ್ಕಿಂತ ನೇರವಾದ ಇನ್ನೊಂದರಿಂದ ಅಳೆದಿದ್ದಾರೆ ಎಂದರೆ, ಆ ಇನ್ನೊಂದನ್ನು ಅಳೆದದ್ದು ಯಾವುದು? ಹೀಗೇ ಹಿಂದಕ್ಕೆ ಹೋದರೆ ಎಲ್ಲಿ ನಿಲ್ಲುತ್ತೇವೆ? ದೇವರ ಮನೆಯ ಬಾಗಿಲಲ್ಲಿ ನಿಲ್ಲುತ್ತೇವೆ ಎನ್ನುತ್ತಾರೆ ಪುರೋಹಿತರು. ಮೊದಲ ಅಳತೆ ಮೇಲಿನಿಂದ ಬಂತು, ಅದು ನಮ್ಮ ಬಾಯಲ್ಲಿ ಬಂತು, ಮಿಕ್ಕವರು ನಮ್ಮನ್ನು ನೋಡಿ ನೇರವಾಗಬೇಕು ಎನ್ನುವುದು ಅವರ ಸಿದ್ಧಾಂತ. ಬೆಡ್ಡಿನ ಸವೆಯದ ಬಲತುದಿಯನ್ನು ತೋರಿಸಿ, ಅಳತೆ ಸಿಗುವುದು ಅಲ್ಲೇ ತಾನೆ ಎನ್ನಲೂಬಹುದು. ನಿಜ, ಮೇಸ್ತ್ರಿ ಆ ತುದಿಯನ್ನು ಬಳಸುತ್ತಾನೆ. ಮೊದಲು ಹೇಗಿತ್ತು ಎಂದು ತಿಳಿಯಲು ಸಾಕ್ಷಿಯಾಗಿ ಬಳಸುತ್ತಾನೆ. ಆದರೆ ಸಾಕ್ಷಿಯನ್ನು ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸುವುದಿಲ್ಲ.

ಮೊದಲ ನೇರ ಮೇಲಿನಿಂದ ಬರಲಿಲ್ಲ. ಮೂರು ಒರಟು ಪ್ಲೇಟುಗಳಿಂದ ಬಂತು.

ಬೀಡು ಕಬ್ಬಿಣದ ಎರಡು ಪ್ಲೇಟು ತೆಗೆದುಕೊಳ್ಳಿ. ಒಂದಕ್ಕೆ ನೀಲಿ ಹಚ್ಚಿ, ಇನ್ನೊಂದರ ಮೇಲಿಟ್ಟು, ಹತ್ತಿದ್ದನ್ನು ಹೆರೆಯುತ್ತಾ ಹೋಗಿ. ಕೊನೆಗೆ ಎರಡೂ ಮೈಗೆ ಮೈ ಹೊಂದಿ ಕೂರುತ್ತವೆ. ನೀಲಿ ಎಲ್ಲ ಕಡೆ ಹತ್ತುತ್ತದೆ. ಎರಡೂ ಮಟ್ಟಸವಾದವೆ? ಹೇಳಲು ಬರುವುದಿಲ್ಲ. ಒಂದು ಉಬ್ಬಾಗಿ, ಇನ್ನೊಂದು ಅದಕ್ಕೆ ತಕ್ಕ ತಗ್ಗಾಗಿದ್ದರೂ ಎರಡೂ ಹೀಗೆಯೇ ಹೊಂದಿ ಕೂರುತ್ತವೆ. ಇವೆರಡರ ಒಪ್ಪಂದ ಪೂರ್ಣವಾಗಿದೆ, ಆದರೂ ಎರಡೂ ಸೊಟ್ಟ. ಇವೆರಡನ್ನೇ ನೂರು ವರ್ಷ ಉಜ್ಜಿದರೂ ಸುಳ್ಳು ಹೊರಗೆ ಬರುವುದಿಲ್ಲ.

ಮೂರನೆಯ ಪ್ಲೇಟನ್ನು ತನ್ನಿ. ಅದನ್ನು ಉಬ್ಬಿದ ಒಂದನೆಯದಕ್ಕೆ ಹೊಂದಿಸಿ ಹೆರೆಯಿರಿ. ಅದೂ ಎರಡನೆಯದರಂತೆ ತಗ್ಗಾಗುತ್ತದೆ. ಈಗ ಎರಡನೆಯದರ ಮೇಲೆ ಮೂರನೆಯದನ್ನು ಇಡಿ. ತಗ್ಗಿನ ಮೇಲೆ ತಗ್ಗು. ಅಂಚಿನಲ್ಲಿ ಮಾತ್ರ ನೀಲಿ ಹತ್ತುತ್ತದೆ, ನಡುವೆ ಖಾಲಿ. ಸುಳ್ಳು ಬಯಲಾಯಿತು. ಇವೆರಡರ ಅಂಚನ್ನೂ ಸಮಪಾಲು ಹೆರೆದು, ಒಂದನೆಯದನ್ನು ಇವಕ್ಕೆ ಹೊಂದಿಸಿ, ಮತ್ತೆ ಜೋಡಿ ಬದಲಿಸಿ, ಮತ್ತೆ ಹೆರೆಯುತ್ತಾ ಹೋದರೆ ಪ್ರತಿ ಸುತ್ತಿಗೂ ತಪ್ಪು ಕಡಿಮೆಯಾಗುತ್ತದೆ. ತಿರುಚು ಅಡಗಿ ಕೂರದ ಹಾಗೆ ಪ್ಲೇಟನ್ನು ಕಾಲು ಸುತ್ತು ತಿರುಗಿಸಿಯೂ ನೋಡಬೇಕು. ಕೊನೆಗೆ ಯಾವ ಜೋಡಿ ಇಟ್ಟರೂ, ಹೇಗೆ ತಿರುಗಿಸಿ ಇಟ್ಟರೂ ಹೊಂದಿದರೆ, ಮೂರೂ ಮಟ್ಟಸವಾಗಿರಲೇಬೇಕು. ಬೇರೆ ದಾರಿಯೇ ಇಲ್ಲ. ಮೂರರಲ್ಲಿ ಯಾವುದೂ ಗುರುವಲ್ಲ, ಯಾವುದೂ ಶಿಷ್ಯನಲ್ಲ. ಶುರುವಿನಲ್ಲಿ ಮೂರೂ ಒರಟೇ.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಹೆಸರಾದವರು ಹೆನ್ರಿ ಮಾಡ್ಸ್ಲಿ ಮತ್ತು ಜೋಸೆಫ್ ವಿಟ್‌ವರ್ತ್. 1771ರಲ್ಲಿ ಹುಟ್ಟಿದ ಮಾಡ್ಸ್ಲಿ 12ನೆಯ ವಯಸ್ಸಿಗೇ ವುಲಿಚ್‌ನ ಮದ್ದುಗುಂಡಿನ ಕಾರ್ಖಾನೆಯಲ್ಲಿ ತೋಟಾಗಳಿಗೆ ಮದ್ದು ತುಂಬುವ ಹುಡುಗನಾಗಿದ್ದ. ಸುಮಾರು 1800ರ ಹೊತ್ತಿಗೆ ಕರಾರುವಾಕ್ಕಾಗಿ ಸ್ಕ್ರೂ ಕೊರೆಯುವ ಲೇತು ಕಟ್ಟಿದ. ಅವನ ವರ್ಕ್‌ಶಾಪಿನಲ್ಲಿ ಕೆಲಸ ಕಲಿತ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯಲ್ಲಿ, ಮಟ್ಟಸ ಮುಖಗಳನ್ನು ತಿಕ್ಕಿ ಮಾಡುವುದಕ್ಕಿಂತ ಹೆರೆದು ಮಾಡಬೇಕು ಎಂದು ವಿವರಿಸಿದ. ತಿಕ್ಕಿದರೆ ಬೇಕಾದದ್ದೂ ಹೋಗುತ್ತದೆ, ಬೇಡದ್ದೂ ಹೋಗುತ್ತದೆ. ಹೆರೆದರೆ ಬೇಡದ್ದು ಮಾತ್ರ ಹೋಗುತ್ತದೆ. ಪಂಡಿತರ ಸಭೆಗೆ ಈ ತಿಳಿವಳಿಕೆ ಹೋದದ್ದು ಕಬ್ಬಿಣ ಹೆರೆದ ಕೈಗಳಿಂದ ಎಂಬುದನ್ನು ಮರೆಯಬಾರದು.

ನಮ್ಮಲ್ಲಿ ಕೈಗಳಿರಲಿಲ್ಲವೆ? 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಕಬ್ಬಿಣ ಕರಗಿಸುವ, ಉಕ್ಕು ಮಾಡುವ ಕುಲುಮೆಗಳನ್ನು ಕಂಡು ವಿವರವಾಗಿ ಬರೆದುಕೊಂಡ. ಬರೆದವನ ಹೆಸರು ಉಳಿಯಿತು. ತಿದಿ ಒತ್ತಿದವರ ಹೆಸರು ಉಳಿಯಲಿಲ್ಲ. ಅವರಿಗೆ ಗೊತ್ತಿದ್ದದ್ದನ್ನು ಅಕ್ಷರ ಬಲ್ಲ ನಮ್ಮವರು ಬರೆದಿಡಲಿಲ್ಲ, ಏಕೆಂದರೆ ಅದನ್ನು ಅರಿವು ಎಂದು ಒಪ್ಪಿರಲೇ ಇಲ್ಲ. ಅಕ್ಷರ ಹಿಡಿದವನು ಕುಲುಮೆ ಮುಟ್ಟಲಿಲ್ಲ, ಕುಲುಮೆ ಹಿಡಿದವನಿಗೆ ಅಕ್ಷರ ಮುಟ್ಟಿಸಲಿಲ್ಲ. ಶಾಸ್ತ್ರ ಹೇಳುವವನೂ ರಾಜ್ಯ ಆಳುವವನೂ ನಮ್ಮ ಎರಡು ಪ್ಲೇಟುಗಳು. ಒಬ್ಬನ ಉಬ್ಬಿಗೆ ಇನ್ನೊಬ್ಬನ ತಗ್ಗು ಸರಿಯಾಗಿ ಹೊಂದಿತ್ತು. ಸಾವಿರ ವರ್ಷ ಒಬ್ಬರನ್ನೊಬ್ಬರು ಉಜ್ಜಿಕೊಂಡು, ಎಷ್ಟು ಚೆನ್ನಾಗಿ ಹೊಂದಿದೆ ನೋಡಿ, ಇದೇ ಧರ್ಮ ಎಂದರು. ಮೂರನೆಯವನನ್ನು ಊರ ಹೊರಗೆ ಇಟ್ಟಿದ್ದರಲ್ಲ, ತೋರಿಸಿಕೊಡುವವರು ಯಾರಿದ್ದರು?

5

ಹೋಲಿಕೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದೂ ಗೊತ್ತಿರಬೇಕು. ಮನುಷ್ಯ ಬೀಡು ಕಬ್ಬಿಣವಲ್ಲ. ಹೆರೆದರೆ ಕಬ್ಬಿಣಕ್ಕೆ ನೋವಿಲ್ಲ. ಜನರನ್ನು ಹೆರೆದು ನೇರ ಮಾಡುತ್ತೇನೆ ಎಂದು ಹೊರಟವರು ಲೋಕದಲ್ಲಿ ಬೇಕಾದಷ್ಟು ರಕ್ತ ಹರಿಸಿದ್ದಾರೆ. ಮೂರು ಪ್ಲೇಟಿನ ಪಾಠ ಹೆರೆಯುವವನನ್ನು ಕುರಿತದ್ದಲ್ಲ, ಒಬ್ಬರು ಇನ್ನೊಬ್ಬರ ಎದುರಿಗೆ ಪರೀಕ್ಷೆಗೆ ಒಡ್ಡಿಕೊಳ್ಳುವುದನ್ನು ಕುರಿತದ್ದು.

ನೇರ ಒಂದೇ ಸಾಲದು ಎಂಬುದೂ ನೆನಪಿರಲಿ. ಮಟ್ಟಸ ಮುಖದ ಬಗ್ಗೆ ಸಭೆಯಲ್ಲಿ ಮಾತಾಡಿದ ವಿಟ್‌ವರ್ತನೇ ಮುಂದೆ ಬಂದೂಕು, ಫಿರಂಗಿ ಮಾಡಿದ. ಬಂದೂಕಿನ ನಳಿಗೆ ನೇರವಿದ್ದಷ್ಟೂ ಗುಂಡು ಗುರಿ ತಪ್ಪುವುದು ಕಡಿಮೆ. ಲೇತಿಗೆ ಅದು ಪಂಪಿನ ಶಾಫ್ಟೋ ಬಂದೂಕಿನ ನಳಿಗೆಯೋ ಗೊತ್ತಾಗುವುದಿಲ್ಲ. ಏನು ಮಾಡಬೇಕು ಎಂಬುದನ್ನು ಮಿಷನ್ನಿನ ಮುಂದೆ ನಿಂತವನೇ ಕೇಳಿಕೊಳ್ಳಬೇಕು.

ಕೈಕೆಲಸವನ್ನು ಹೊಗಳುವ ಚಟವೂ ಬೇಡ. ಸ್ಕ್ರೇಪರಿನ ಹಿಡಿಯನ್ನು ಸೊಂಟಕ್ಕೆ ಕೊಟ್ಟು ದಿನವಿಡೀ ದಬ್ಬಿದವನ ಸೊಂಟ, ಭುಜ ಏನಾಗುತ್ತವೆ ಎಂದು ಅವನನ್ನೇ ಕೇಳಿ. ಎರಕದ ಮರಳಿನ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ಬರುತ್ತದೆ. ನೆರಳಲ್ಲಿ ಕೂತು ಶ್ರಮದ ಸೌಂದರ್ಯದ ಮಾತಾಡುವವರು ಒಂದು ವಾರ ಹೆರೆದು ಆಮೇಲೆ ಬರೆಯಲಿ. ಗ್ರೈಂಡಿಂಗ್ ಮಿಷನ್ನಿಗೆ ಕೊಟ್ಟು ಆ ಹೊರೆ ಇಳಿಸಿಕೊಳ್ಳಲು ಆಗುವುದಾದರೆ ಕೊಡಲೇಬೇಕು. ಮಿಷನ್ನು ಬಂದರೂ ಅಳತೆಯ ಅರಿವು ಕೆಲಸಗಾರನ ಕೈತಪ್ಪಬಾರದು ಎಂಬುದಷ್ಟೇ ನಮ್ಮ ಹಟ.

ಆ ಅರಿವು ಈಗ ಕೈತಪ್ಪುತ್ತಿದೆ. ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಶುರುವಾಯಿತು, ಅಪ್ರೆಂಟಿಸ್ ಕಾಯಿದೆ 1961ರಲ್ಲಿ ಬಂತು. ಐಟಿಐ ಫಿಟ್ಟರ್ ಟ್ರೇಡಿನ ಪಾಠದಲ್ಲಿ ಸ್ಕ್ರೇಪಿಂಗ್ ಇದೆ. ಆದರೆ ಪಾಠದಲ್ಲಿರುವುದು ಬೇರೆ, ಕೈಗೆ ಇಳಿಯುವುದು ಬೇರೆ. ಅದನ್ನು ಕೈಯಲ್ಲಿಟ್ಟುಕೊಂಡವರು ಮುಚ್ಚಿದ ಕಾರ್ಖಾನೆಗಳಿಂದ ಬಂದು ಹಿತ್ತಿಲ ಶೆಡ್ಡುಗಳಲ್ಲಿ ಮುದುಕರಾಗುತ್ತಿದ್ದಾರೆ. ವಿದ್ಯಾರ್ಥಿ ಗೆಳೆಯರು ಅವರ ಹತ್ತಿರ ಹೋಗಬೇಕು. ಒಂದು ಸವೆದ ಲೇತನ್ನು ಅವರ ಜೊತೆ ನಿಂತು ಎಬ್ಬಿಸಬೇಕು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಬೇಕು, ಅವರ ಹೆಸರು ಹಾಕಿ ಅಚ್ಚು ಮಾಡಬೇಕು. ಈ ಸಲವಾದರೂ ತಿದಿ ಒತ್ತಿದವರ ಹೆಸರು ಉಳಿಯಲಿ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ನಿಮ್ಮ ಶಾಲೆಯಲ್ಲಿ ಲೇತಿಲ್ಲ, ಸರ್ಫೇಸ್ ಪ್ಲೇಟಿಲ್ಲ. ಬೇಕಾಗಿಯೂ ಇಲ್ಲ. ಬಡಗಿಯ ಹತ್ತಿರ ಗೇಣುದ್ದದ ಮೂರು ಮರದ ಪಟ್ಟಿ ತನ್ನಿ. ಒಂದರ ಅಂಚನ್ನು ಬೇಕೆಂದೇ ಉಬ್ಬು ಮಾಡಿಸಿ. ಇನ್ನೊಂದರ ಅಂಚನ್ನು ಅದಕ್ಕೆ ಹೊಂದುವಂತೆ ಉಜ್ಜಿಸಿ. ಎರಡನ್ನೂ ಅಂಚಿಗೆ ಅಂಚು ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆಳಕು ತೂರುವುದಿಲ್ಲ. ಇವು ನೇರವೇ ಎಂದು ಮಕ್ಕಳನ್ನು ಕೇಳಿ. ಹೌದು ಸಾರ್ ಎಂದು ಎಲ್ಲರೂ ಕೂಗುತ್ತಾರೆ. ಮೂರನೆಯ ಪಟ್ಟಿಯನ್ನೂ ಆ ಉಬ್ಬಿಗೇ ಹೊಂದಿಸಿ, ಆಮೇಲೆ ಎರಡನೆಯದಕ್ಕೂ ಮೂರನೆಯದಕ್ಕೂ ಅಂಚು ಸೇರಿಸಿ ಹಿಡಿಯಿರಿ. ನಡುವೆ ಬೆಳಕು ಬರುತ್ತದೆ. ಆ ಬೆಳಕನ್ನು ಒಂದು ಸಲ ಕಂಡ ಮಗು, ನಾಳೆ ಊರಿನ ಇಬ್ಬರು ದೊಡ್ಡವರು ಒಪ್ಪಿ ನ್ಯಾಯ ತೀರ್ಮಾನ ಮಾಡಿದಾಗ, ಮೂರನೆಯವರನ್ನು ಕರೆದು ಕೇಳಿದಿರಾ ಅಂತ ಕೇಳಲು ಹಿಂಜರಿಯುವುದಿಲ್ಲ.